ಕ್ಯಾಟಲಿಸ್ಟ್ 1000 ಸ್ವಿಚ್ಚಿನ ಪೋರ್ಟ್ ಸೆಕ್ಯುರಿಟಿ: ಚಿಲಕ ಗಟ್ಟಿ, ಹಾಕುವ ಕ್ರಮ ಗೊತ್ತಿರಬೇಕು

ಸಿಸ್ಕೋ ಕ್ಯಾಟಲಿಸ್ಟ್ 1000 ಸರಣಿಯ 24 ಪೋರ್ಟಿನ ಸ್ವಿಚ್ಚಿನಲ್ಲಿ (ಆಫೀಸಿನ ಕಂಪ್ಯೂಟರು, ಫೋನುಗಳನ್ನು ಜೋಡಿಸುವ ಪೆಟ್ಟಿಗೆ) ಪೋರ್ಟ್ ಸೆಕ್ಯುರಿಟಿ, ಅಂದರೆ ಒಂದು ಪೋರ್ಟಿನಲ್ಲಿ ಯಾವ, ಎಷ್ಟು ಸಾಧನ ಸೇರಬಹುದೆಂದು ಮಿತಿ ಹಾಕುವ ಕಾವಲು, ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಕಂಪನಿ ಅದಕ್ಕೆ ಇಟ್ಟುಕೊಟ್ಟಿರುವ ಡೀಫಾಲ್ಟ್ ಸೆಟ್ಟಿಂಗು ಒಂದು ಸಾಮಾನ್ಯ ಆಫೀಸಿಗೆ ಒಗ್ಗುವಂಥದ್ದಲ್ಲ. ಆನ್ ಮಾಡಿ ಸುಮ್ಮನೆ ಬಿಟ್ಟರೆ ಒಂದೇ ವಾರದಲ್ಲಿ ಯಾರೋ ಬೇಸತ್ತು ಅದನ್ನು ಆಫ್ ಮಾಡಿಸುತ್ತಾರೆ. ಎಷ್ಟೋ ಕಡೆ ಈ ಸೌಲಭ್ಯ ಇದ್ದೂ ಇಲ್ಲದ ಹಾಗೆ ಇರುವುದಕ್ಕೆ ಇದೇ ಕಾರಣ. ನಾಲ್ಕು ಸಾಲು ಬದಲಿಸಿದರೆ ಇದೇ ಸ್ವಿಚ್ಚು ವರ್ಷಗಟ್ಟಲೆ ತಕರಾರಿಲ್ಲದೆ ಕಾವಲು ಕಾಯುತ್ತದೆ.

ಮೊದಲು ಪೆಟ್ಟಿಗೆಯ ವಿಷಯ ಚಿಕ್ಕದಾಗಿ ಮುಗಿಸೋಣ. ಇಲ್ಲಿ ನೋಡುತ್ತಿರುವುದು ಸಿ1000-24ಟಿ-4ಜಿ-ಎಲ್ ಮತ್ತು ಅದರ ಪಿಒಇ (ನೆಟ್ ಕೇಬಲ್ಲಿನಲ್ಲೇ ವಿದ್ಯುತ್ ಕೊಡುವ) ಅಣ್ಣ ಸಿ1000-24ಪಿ-4ಜಿ-ಎಲ್. ಎರಡರಲ್ಲೂ 24 ಗಿಗಾಬಿಟ್ ತಾಮ್ರದ ಪೋರ್ಟು, ಮೇಲಿನ ಸ್ವಿಚ್ಚಿಗೆ ಹೋಗಲು 1 ಗಿಗಾಬಿಟ್ಟಿನ, ಫೈಬರ್ ಮಾಡ್ಯೂಲ್ ಸಿಕ್ಕಿಸುವ ನಾಲ್ಕು ಎಸ್‌ಎಫ್‌ಪಿ ಪೋರ್ಟು. ಒಳಗೆ ಓಡುವುದು ಸಿಸ್ಕೋದ ಹಳೆಯ ಆಪರೇಟಿಂಗ್ ಸಿಸ್ಟಮ್ ಐಒಎಸ್ 15.2; ಹಿಂದಿನ 2960-ಎಕ್ಸ್ ಸ್ವಿಚ್ಚಿನ ಮೇಲೆ ಕೈ ಪಳಗಿದವರಿಗೆ ಹೊಸದಾಗಿ ಕಲಿಯುವುದೇನೂ ಇಲ್ಲ. ಪಿಒಇ ಮಾದರಿಯ ಒಟ್ಟು ವಿದ್ಯುತ್ ಬಜೆಟ್ 195 ವ್ಯಾಟ್. ಪೋರ್ಟಿಗೆ 30 ವ್ಯಾಟಿನಂತೆ ಪೂರ್ತಿ ಎಳೆಯುವ ಸಾಧನಗಳಾದರೆ ಆರಕ್ಕೇ ಮುಗಿಯಿತು. ಏಳೆಂಟು ವ್ಯಾಟಿನ ಫೋನುಗಳಾದರೆ 24ಕ್ಕೂ ಸಾಕು.

ಇನ್ನು ಅಸಲು ವಿಷಯ. ಪೋರ್ಟ್ ಸೆಕ್ಯುರಿಟಿಯ ಮುಖ್ಯ ಕೆಲಸ ಮ್ಯಾಕ್ ಫ್ಲಡಿಂಗ್ ತಡೆಯುವುದು. ಮ್ಯಾಕಾಫ್‌ನಂಥ ಟೂಲು ಸುಳ್ಳು ಮ್ಯಾಕ್ ವಿಳಾಸಗಳನ್ನು (ಪ್ರತಿ ಸಾಧನದ ನೆಟ್ ಕಾರ್ಡಿನ ಗುರುತು ಸಂಖ್ಯೆ) ಮಳೆಗರೆದು ಸ್ವಿಚ್ಚಿನ ಮ್ಯಾಕ್ ಟೇಬಲ್ಲನ್ನು ತುಂಬಿಸಿಬಿಡುತ್ತದೆ. ಟೇಬಲ್ ತುಂಬಿದ ಮೇಲೆ ಯಾವ ವಿಳಾಸ ಎಲ್ಲಿದೆ ಎಂದು ಸ್ವಿಚ್ಚಿಗೆ ಗೊತ್ತಾಗದೆ, ಬಂದ ಫ್ರೇಮನ್ನು (ಡೇಟಾ ತುಣುಕನ್ನು) ಆ ವಿಲ್ಯಾನಿನ (ಸ್ವಿಚ್ಚಿನೊಳಗೆ ಬೇರ್ಪಡಿಸಿದ ಜಾಲದ) ಎಲ್ಲ ಪೋರ್ಟಿಗೂ ಹಂಚುತ್ತದೆ. ಹಳೆಯ ಹಬ್‌ನ ಹಾಗೆ. ಪಕ್ಕದವರ ಟ್ರಾಫಿಕ್ಕು ಆಗ ಕೂತಲ್ಲೇ ಸಿಗುತ್ತದೆ. ಒಂದು ಪೋರ್ಟಿನಿಂದ ಇಷ್ಟೇ ವಿಳಾಸ ಎಂದು ಮಿತಿ ಹಾಕಿದ ಕ್ಷಣ ಈ ಆಟ ಬಂದ್. ಈ ಒಂದು ಕೆಲಸದಲ್ಲಿ ಕ್ಯಾಟಲಿಸ್ಟಿಗೆ ಪೂರ್ತಿ ಅಂಕ ಕೊಡಬಹುದು. ಅಪರಿಚಿತ ಲ್ಯಾಪ್‌ಟಾಪನ್ನು ತಡೆಯುವುದು, ಮೇಜಿನ ಕೆಳಗೆ ಯಾರೋ ಗುಟ್ಟಾಗಿ ಇಟ್ಟ ಐದು ಪೋರ್ಟಿನ ಸ್ವಿಚ್ಚನ್ನು ಹಿಡಿಯುವುದು, ಇವೆಲ್ಲ ಅದರ ಮೇಲಿನ ಉಪಲಾಭ.

ಆನ್ ಮಾಡುವಾಗ ಮೊದಲ ಎಡವಟ್ಟು ಇಲ್ಲೇ ಆಗುತ್ತದೆ. ಹೊಸ ಪೋರ್ಟು ಆಕ್ಸೆಸ್ಸೂ (ಮೇಜಿನ ಸಾಧನಕ್ಕೆ) ಅಲ್ಲ ಟ್ರಂಕೂ (ಇನ್ನೊಂದು ಸ್ವಿಚ್ಚಿಗೆ) ಅಲ್ಲದ ಡೈನಮಿಕ್ ಸ್ಥಿತಿಯಲ್ಲಿರುತ್ತದೆ. ಅದರ ಮೇಲೆ ಪೋರ್ಟ್ ಸೆಕ್ಯುರಿಟಿ ಹಾಕಲು ಹೋದರೆ 'ಕಮಾಂಡ್ ರಿಜೆಕ್ಟೆಡ್, ಇದು ಡೈನಮಿಕ್ ಪೋರ್ಟು' ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ. ಮೊದಲು 'ಸ್ವಿಚ್‌ಪೋರ್ಟ್ ಮೋಡ್ ಆಕ್ಸೆಸ್' ಕೊಡಬೇಕು. ಇದಾದರೂ ವಾಸಿ, ತಪ್ಪನ್ನು ಬಾಯಿಬಿಟ್ಟು ಹೇಳುತ್ತದೆ. ಎರಡನೆಯ ಎಡವಟ್ಟು ಮೌನವಾಗಿ ಆಗುವಂಥದ್ದು. ಮ್ಯಾಕ್ಸಿಮಮ್ (ಮಿತಿ), ವಯಲೇಶನ್ (ಉಲ್ಲಂಘನೆಗೆ ಶಿಕ್ಷೆ), ಸ್ಟಿಕಿ (ವಿಳಾಸ ಅಂಟಿಸಿಕೊಳ್ಳುವುದು) ಎಂದು ಎಲ್ಲ ಸಾಲುಗಳನ್ನೂ ಬರೆದು, ಹಿಂದೆ ಮುಂದೆ ಏನೂ ಇಲ್ಲದ ಬರೀ 'ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯುರಿಟಿ' ಎಂಬ ಸಾಲನ್ನು ಮರೆತಿರುತ್ತಾರೆ. ಆ ಸಾಲೇ ಮೇನ್ ಸ್ವಿಚ್ಚು. ಅದಿಲ್ಲದಿದ್ದರೆ ಉಳಿದದ್ದೆಲ್ಲ ಕಾನ್ಫಿಗಿನಲ್ಲಿ ಚಂದವಾಗಿ ಕಾಣುತ್ತದೆ, ಕೆಲಸ ಮಾತ್ರ ಸೊನ್ನೆ. ಐಒಎಸ್ ಒಂದು ಎಚ್ಚರಿಕೆಯನ್ನೂ ಕೊಡುವುದಿಲ್ಲ. 'ಶೋ ಪೋರ್ಟ್-ಸೆಕ್ಯುರಿಟಿ' ಹೊಡೆದಾಗ ಬರುವ ಪಟ್ಟಿಯಲ್ಲಿ ನಿಮ್ಮ ಪೋರ್ಟಿನ ಹೆಸರು ಇಲ್ಲದಿದ್ದರೆ ಈ ಸಾಲು ಬಿಟ್ಟುಹೋಗಿದೆ ಎಂದೇ ಅರ್ಥ.

ಹಾಗೆಂದು ಆ ಸಾಲನ್ನು ಮೊದಲೇ ಹೊಡೆಯಲೂ ಬಾರದು. ಅದನ್ನು ಹೊಡೆದ ಗಳಿಗೆಯಲ್ಲಿ ಡೀಫಾಲ್ಟುಗಳು ಜಾರಿಗೆ ಬರುತ್ತವೆ: ಗರಿಷ್ಠ ಒಂದೇ ವಿಳಾಸ, ಉಲ್ಲಂಘನೆಯಾದರೆ ಪೋರ್ಟ್ ಬಂದ್. ಆ ಪೋರ್ಟಿನಲ್ಲಿ ಐಪಿ ಫೋನು, ಫೋನಿನ ಬೆನ್ನಿಗೆ ಪಿಸಿ ಇದ್ದರೆ, ಮುಂದಿನ ಸಾಲು ಟೈಪ್ ಮಾಡುವಷ್ಟರಲ್ಲಿ ಎರಡನೆಯ ವಿಳಾಸ ಬಂದು ಪೋರ್ಟು ಎರ್-ಡಿಸೇಬಲ್ (ತಪ್ಪಿನ ಕಾರಣಕ್ಕೆ ಬಂದ್) ಆಗಿರುತ್ತದೆ. ಹಲವು ಪೋರ್ಟುಗಳಿಗೆ ಒಟ್ಟಿಗೆ ಹಾಕುವ ರೇಂಜ್ ಕಮಾಂಡಿನಲ್ಲಿ ಮಾಡಿದ್ದರೆ ಇಡೀ ಮಹಡಿಯೇ ಹೋಯಿತು. ಹಾಗಾಗಿ ಅದು ಯಾವಾಗಲೂ ಕೊನೆಯ ಸಾಲು. ಫೋನು ಮತ್ತು ಪಿಸಿ ಇರುವ ಮೇಜುಗಳಿಗೆ ಈ ಕ್ರಮ ಸರಿಹೋಗುತ್ತದೆ:

ಇಂಟರ್‌ಫೇಸ್ ರೇಂಜ್ ಗಿಗಾಬಿಟ್‌ಈಥರ್ನೆಟ್ 1/0/1 - 22
ಸ್ವಿಚ್‌ಪೋರ್ಟ್ ಮೋಡ್ ಆಕ್ಸೆಸ್
ಸ್ವಿಚ್‌ಪೋರ್ಟ್ ಆಕ್ಸೆಸ್ ವಿಲ್ಯಾನ್ 10
ಸ್ವಿಚ್‌ಪೋರ್ಟ್ ವಾಯ್ಸ್ ವಿಲ್ಯಾನ್ 20
ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯುರಿಟಿ ಮ್ಯಾಕ್ಸಿಮಮ್ 3
ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯುರಿಟಿ ವಯಲೇಶನ್ ರಿಸ್ಟ್ರಿಕ್ಟ್
ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯುರಿಟಿ ಏಜಿಂಗ್ ಟೈಮ್ 2
ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯುರಿಟಿ ಏಜಿಂಗ್ ಟೈಪ್ ಇನ್‌ಆಕ್ಟಿವಿಟಿ
ಸ್ವಿಚ್‌ಪೋರ್ಟ್ ಪೋರ್ಟ್-ಸೆಕ್ಯುರಿಟಿ

ರೇಂಜನ್ನು 22ಕ್ಕೆ ನಿಲ್ಲಿಸಿದ್ದು ಬೇಕೆಂದೇ. ಎಸ್‌ಎಫ್‌ಪಿ ಅಪ್‌ಲಿಂಕುಗಳು 25ರಿಂದ 28. ಅವು ತಾವಾಗಿಯೇ ಹೊರಗುಳಿಯುತ್ತವೆ. ಆದರೆ ಫೈಬರ್ ಇಲ್ಲದ ಕಡೆ 24ನೇ ತಾಮ್ರದ ಪೋರ್ಟಿನಿಂದಲೇ ಮೇಲಿನ ಸ್ವಿಚ್ಚಿಗೆ ಕೇಬಲ್ ಎಳೆದಿರುತ್ತಾರೆ. '1 - 24' ಎಂದು ಕೈತಪ್ಪಿ ಹೊಡೆದರೆ ಅಪ್‌ಲಿಂಕಿನ ಮೇಲೂ ಮೂರು ವಿಳಾಸದ ಮಿತಿ ಬಿದ್ದು, ಆ ಕಡೆಯ ಇಡೀ ಜಗತ್ತಿನಲ್ಲಿ ಮೂರೇ ಯಂತ್ರ ಎಂದು ಸ್ವಿಚ್ಚು ತೀರ್ಮಾನಿಸುತ್ತದೆ. ರಿಮೋಟಿನಿಂದ ಕೆಲಸ ಮಾಡುತ್ತಿದ್ದರೆ ಕಾನ್ಸೋಲ್ ಕೇಬಲ್ ಹಿಡಿದುಕೊಂಡು ಓಡುವುದೊಂದೇ ದಾರಿ.

ಮಿತಿ ಎರಡರ ಬದಲು ಮೂರು ಏಕೆ? ಫೋನು ಹತ್ತಿಕೊಂಡಾಗ ತನ್ನ ವಾಯ್ಸ್ ವಿಲ್ಯಾನ್ ಯಾವುದೆಂದು ಅದಕ್ಕೆ ಗೊತ್ತಿರುವುದಿಲ್ಲ. ಸಿಸ್ಕೋ ಫೋನಾದರೆ ಸಿಡಿಪಿ (ಸಿಸ್ಕೋ ಸಾಧನಗಳು ಪರಸ್ಪರ ಪರಿಚಯ ಹೇಳಿಕೊಳ್ಳುವ ವಿಧಾನ) ಮೂಲಕ ಬೇಗ ತಿಳಿದುಕೊಳ್ಳುತ್ತದೆ. ಬೇರೆ ಕಂಪನಿಯ ಕೆಲವು ಫೋನುಗಳು ಮೊದಲು ಡೇಟಾ ವಿಲ್ಯಾನಿನಲ್ಲೇ ಐಪಿ ವಿಳಾಸಕ್ಕಾಗಿ ಡಿಎಚ್‌ಸಿಪಿ ಕೇಳಿ, ಉತ್ತರದಲ್ಲಿ ಬಂದ ಆಪ್ಷನ್ ನೋಡಿ ಆಮೇಲೆ ವಾಯ್ಸ್ ವಿಲ್ಯಾನಿಗೆ ಜಿಗಿಯುತ್ತವೆ. ಅಷ್ಟರಲ್ಲಿ ಒಂದೇ ಫೋನಿನ ವಿಳಾಸ ಎರಡೂ ವಿಲ್ಯಾನಿನಲ್ಲಿ ಲೆಕ್ಕಕ್ಕೆ ಬಂದಿರುತ್ತದೆ. ಪಿಸಿಯದ್ದು ಸೇರಿ ಮೂರು. ಎರಡಕ್ಕೇ ಬಿಗಿ ಮಾಡಿದರೆ ಬೆಳಗ್ಗೆ ಕರೆಂಟ್ ಹೋಗಿ ಬಂದಾಗಲೆಲ್ಲ ಕೆಲವು ಮೇಜುಗಳಲ್ಲಿ ಪಿಸಿಗೆ ನೆಟ್ ಇಲ್ಲ, ಕೆಲವು ಕಡೆ ಇದೆ ಎಂಬ ಹುಚ್ಚು ದೂರು ಬರುತ್ತದೆ. ಕಾರಣ ಇಷ್ಟೇ: ಫೋನು ಮೊದಲೋ ಪಿಸಿ ಮೊದಲೋ ಎಂಬುದರ ಮೇಲೆ ಫಲಿತಾಂಶ ನಿಂತಿರುತ್ತದೆ. ಫೋನಿಲ್ಲದ ಮೇಜಿಗೆ ಒಂದೇ ಸಾಕು.

ವಯಲೇಶನ್ ಮೋಡ್ ಬಗ್ಗೆ ಖಚಿತ ಅಭಿಪ್ರಾಯ ಹೇಳಲೇಬೇಕು. ಇಲ್ಲಿ ನಾಲ್ಕು ಆಯ್ಕೆ. ಪ್ರೊಟೆಕ್ಟ್ ಎಂದರೆ ಹೆಚ್ಚುವರಿ ವಿಳಾಸದ ಫ್ರೇಮುಗಳನ್ನು ಸದ್ದಿಲ್ಲದೆ ಬಿಸಾಡುವುದು. ಲಾಗೂ ಇಲ್ಲ, ಕೌಂಟರ್ ಕೂಡ ಏರುವುದಿಲ್ಲ. ಇದನ್ನು ಯಾರೂ ಬಳಸಬಾರದು. ಆರು ತಿಂಗಳ ನಂತರ ಒಂದು ಮೇಜಿನಲ್ಲಿ ನೆಟ್ ಬರುತ್ತಿಲ್ಲ ಎಂದು ಕೇಬಲ್, ಕ್ರಿಂಪಿಂಗ್, ಡ್ರೈವರ್ ಎಲ್ಲ ಬದಲಿಸಿ ಸುಸ್ತಾದರೂ ಕಾರಣ ಸಿಗುವುದಿಲ್ಲ. ಶಟ್‌ಡೌನ್ ಡೀಫಾಲ್ಟ್. ಎರಡನೆಯ ಸಾಧನ ಬಂದರೆ ಮೊದಲನೆಯದರ ಸಂಪರ್ಕವನ್ನೂ ಕತ್ತರಿಸುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ, ಯಾರೋ ಪಿಸಿಯಲ್ಲಿ ವರ್ಚುವಲ್ ಮಷೀನ್ ಎಬ್ಬಿಸಿದ್ದಕ್ಕೆ ಆ ಮೇಜಿನ ಫೋನಿನ ಕರೆಯೂ ಕತ್ತರಿಸಿಹೋಗುತ್ತದೆ. ಶಟ್‌ಡೌನ್ ವಿಲ್ಯಾನ್ ಎಂಬ ನಾಲ್ಕನೆಯದು ಇದನ್ನೇ ಸ್ವಲ್ಪ ಮೃದು ಮಾಡಿ, ಉಲ್ಲಂಘನೆಯಾದ ವಿಲ್ಯಾನನ್ನು ಮಾತ್ರ ಮುಚ್ಚುತ್ತದೆ. ರಿಸ್ಟ್ರಿಕ್ಟ್ ನಡುವಿನ ದಾರಿ: ಒಳಗಿದ್ದವರಿಗೆ ತೊಂದರೆ ಇಲ್ಲ, ಹೊಸಬರ ಫ್ರೇಮು ಬಿದ್ದುಹೋಗುತ್ತದೆ, ಸಿಸ್‌ಲಾಗಿನಲ್ಲಿ ಸಾಲು ಬರುತ್ತದೆ, ಕೌಂಟರ್ ಏರುತ್ತದೆ. ಜನ ಕೂರುವ ಮೇಜಿಗೆ ರಿಸ್ಟ್ರಿಕ್ಟ್. ಸಾರ್ವಜನಿಕರು ಓಡಾಡುವ ಕಾರಿಡಾರು, ರಿಸೆಪ್ಷನ್, ಹೊರಗಿನ ಕ್ಯಾಮೆರಾ ಕಂಬಕ್ಕೆ ಶಟ್‌ಡೌನ್. ಅಲ್ಲಿ ಯಾರಾದರೂ ಕೇಬಲ್ ಮುಟ್ಟಿದರೆ ಪೋರ್ಟು ಸಾಯಲಿ, ಯಾರಾದರೂ ಹೋಗಿ ಕಣ್ಣಾರೆ ನೋಡಲಿ.

ಶಟ್‌ಡೌನ್ ಹಾಕಿದ ಕಡೆ ತಾನಾಗಿ ಎದ್ದೇಳುವ ಏರ್ಪಾಡೂ ಇದೆ. 'ಎರ್‌ಡಿಸೇಬಲ್ ರಿಕವರಿ ಕಾಸ್ ಪಿಸೆಕ್ಯೂರ್-ವಯಲೇಶನ್' ಎಂದು ಗ್ಲೋಬಲ್ ಮಟ್ಟದಲ್ಲಿ ಕೊಡಬೇಕು; ಇದು ಮೊದಲೇ ಆನ್ ಇರುವುದಿಲ್ಲ. ಡೀಫಾಲ್ಟ್ ಅಂತರ 300 ಸೆಕೆಂಡು, 30ರಿಂದ 86400ರವರೆಗೆ ಬದಲಿಸಬಹುದು. ತಪ್ಪು ಸಾಧನ ಅಲ್ಲೇ ಇದ್ದರೆ ಪೋರ್ಟು ಐದು ನಿಮಿಷಕ್ಕೊಮ್ಮೆ ಎದ್ದು ಮತ್ತೆ ಬೀಳುತ್ತಿರುತ್ತದೆ. ಆ ಲಯ ಲಾಗಿನಲ್ಲಿ ಕಂಡರೆ ರೋಗ ಗೊತ್ತಾದಂತೆಯೇ. ಕೈಯಿಂದ ಎಬ್ಬಿಸುವುದಾದರೆ ಇಂಟರ್‌ಫೇಸಿಗೆ 'ಶಟ್‌ಡೌನ್' ಕೊಟ್ಟು ನಂತರ 'ನೋ ಶಟ್‌ಡೌನ್'. ಬರೀ 'ನೋ ಶಟ್‌ಡೌನ್' ಕೊಟ್ಟು ಏನೂ ಆಗಲಿಲ್ಲ ಎಂದು ಕೂರಬೇಡಿ, ಎರಡೂ ಬೇಕು.

ಏಜಿಂಗ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಹೆಚ್ಚಿನ ದೂರುಗಳ ಬೇರು ಇಲ್ಲೇ ಇದೆ. ಸಾಮಾನ್ಯವಾಗಿ ಕಲಿತ ವಿಳಾಸ ಲಿಂಕ್ ಬಿದ್ದಾಗ ಅಳಿಸಿಹೋಗುತ್ತದೆ. ಆದರೆ ಪಿಸಿ ಇರುವುದು ಫೋನಿನ ಹಿಂದೆ. ಪಿಸಿಯ ಕೇಬಲ್ ಕಿತ್ತರೂ ಫೋನಿಗೂ ಸ್ವಿಚ್ಚಿಗೂ ನಡುವಿನ ಲಿಂಕು ಎದ್ದೇ ಇರುತ್ತದೆ. ಸ್ವಿಚ್ಚಿನ ಪಾಲಿಗೆ ಆ ಪಿಸಿ ಇನ್ನೂ ಅಲ್ಲೇ ಇದೆ. ಅದೇ ಲ್ಯಾಪ್‌ಟಾಪನ್ನು ಮೀಟಿಂಗ್ ರೂಮಿಗೆ ಒಯ್ದು ಅದೇ ವಿಲ್ಯಾನಿನ ಇನ್ನೊಂದು ಸೆಕ್ಯೂರ್ ಪೋರ್ಟಿಗೆ ಸಿಕ್ಕಿಸಿದರೆ ಅಲ್ಲಿ ಉಲ್ಲಂಘನೆ. ಮಿತಿ ಮೀರಿಲ್ಲ, ಆ ಪೋರ್ಟಿನಲ್ಲಿ ಜಾಗವೂ ಇದೆ, ಆದರೂ ಉಲ್ಲಂಘನೆ. ಒಂದು ಪೋರ್ಟಿನಲ್ಲಿ ಭದ್ರವಾದ ವಿಳಾಸ ಅದೇ ವಿಲ್ಯಾನಿನ ಇನ್ನೊಂದರಲ್ಲಿ ಕಾಣುವುದೇ ಅಪರಾಧ ಎಂಬ ಎರಡನೆಯ ನಿಯಮ ಅನೇಕರಿಗೆ ಗೊತ್ತೇ ಇರುವುದಿಲ್ಲ. ಇನ್‌ಆಕ್ಟಿವಿಟಿ ಏಜಿಂಗ್ 2 ನಿಮಿಷ ಎಂದು ಹಾಕಿದರೆ ಹಳೆಯ ಮೇಜಿನಲ್ಲಿ ಮಾತು ನಿಂತ ಎರಡು ನಿಮಿಷಕ್ಕೆ ವಿಳಾಸ ಅಳಿಸಿ, ಹೊಸ ಜಾಗದಲ್ಲಿ ನೆಟ್ ಬರುತ್ತದೆ. ಆಬ್ಸಲ್ಯೂಟ್ ಮಾದರಿ ಮಾತಿದ್ದರೂ ಇಲ್ಲದಿದ್ದರೂ ಗಡುವು ಮುಗಿದ ಕೂಡಲೇ ಅಳಿಸುತ್ತದೆ. ಮೇಜುಗಳಿಗೆ ಅದರ ಅಗತ್ಯವಿಲ್ಲ. ಹೀಗೆ ಏಜಿಂಗ್ ಹಾಕಿದ ಪೋರ್ಟಿನ ಮೇಲೆ 'ಸ್ವಿಚ್‌ಪೋರ್ಟ್ ಬ್ಲಾಕ್ ಯೂನಿಕಾಸ್ಟ್' (ಗೊತ್ತಿಲ್ಲದ ವಿಳಾಸಕ್ಕೆ ಹೋಗುವ ಫ್ರೇಮು ತಡೆಯುವುದು) ಮಾತ್ರ ಸೇರಿಸಬೇಡಿ. ಬಹಳ ಹೊತ್ತು ಸುಮ್ಮನಿರುವ ಪ್ರಿಂಟರಿನ ವಿಳಾಸ ಅಳಿಸಿದ ಮೇಲೆ ಅದಕ್ಕೆ ಹೋಗಬೇಕಾದ ಪ್ರಿಂಟ್ ಬಾಗಿಲಲ್ಲೇ ನಿಂತುಬಿಡುತ್ತದೆ.

ಸ್ಟಿಕಿಯ ಕಥೆ ಬೇರೆ. ಮೊದಲು ಬಂದ ವಿಳಾಸವನ್ನು ಸ್ವಿಚ್ಚು ತಾನೇ ರನ್ನಿಂಗ್ ಕಾನ್ಫಿಗಿನಲ್ಲಿ (ಆಗ ಜಾರಿಯಲ್ಲಿರುವ ಸೆಟ್ಟಿಂಗಿನಲ್ಲಿ) ಬರೆದುಕೊಳ್ಳುತ್ತದೆ. ಟೈಪ್ ಮಾಡುವ ಶ್ರಮವಿಲ್ಲ, ಚಂದ. ಆದರೆ ಸೇವ್ ಮಾಡದಿದ್ದರೆ ಮುಂದಿನ ಪವರ್ ಕಟ್ಟಿಗೆ ಎಲ್ಲ ಮರೆತು, ಆಮೇಲೆ ಯಾರು ಮೊದಲು ಬಂದರೋ ಅವರಿಗೇ ಅಂಟಿಕೊಳ್ಳುತ್ತದೆ. ಸೇವ್ ಮಾಡುವ ಮುಂಚೆ 'ಶೋ ಪೋರ್ಟ್-ಸೆಕ್ಯುರಿಟಿ ಅಡ್ರೆಸ್' ನೋಡದಿದ್ದರೆ ಇನ್ನೊಂದು ಆಪತ್ತು: ಆ ಹೊತ್ತಿಗೆ ಹೊರಗಿನವರ ಲ್ಯಾಪ್‌ಟಾಪ್ ಸಿಕ್ಕಿಸಿದ್ದರೆ ಕಳ್ಳನ ಕೈಗೇ ಬೀಗದ ಕೈ ಕೊಟ್ಟ ಹಾಗೆ. ಸ್ಟಿಕಿ ವಿಳಾಸಕ್ಕೆ ಏಜಿಂಗೂ ಅನ್ವಯಿಸುವುದಿಲ್ಲ, ಲಿಂಕ್ ಬಿದ್ದರೂ ಅಳಿಯುವುದಿಲ್ಲ. ಮೇಲೆ ಹೇಳಿದ ಮೀಟಿಂಗ್ ರೂಮಿನ ಲ್ಯಾಪ್‌ಟಾಪಿಗೆ ಸ್ಟಿಕಿ ಇದ್ದರೆ ಎರಡು ನಿಮಿಷವಲ್ಲ, ಎರಡು ವರ್ಷ ಕಾದರೂ ನೆಟ್ ಬರುವುದಿಲ್ಲ. ಜಾಗ ಬದಲಿಸದ ಪ್ರಿಂಟರ್, ಕ್ಯಾಮೆರಾ, ಹಾಜರಾತಿ ಯಂತ್ರ, ಇವಕ್ಕೆ ಸ್ಟಿಕಿ ಸರಿ. ಜನರಿಗೆ ಬೇಡ. ಪ್ರಿಂಟರ್ ಕೆಟ್ಟು ಬೇರೆ ತಂದಾಗ 'ಕ್ಲಿಯರ್ ಪೋರ್ಟ್-ಸೆಕ್ಯುರಿಟಿ ಸ್ಟಿಕಿ ಇಂಟರ್‌ಫೇಸ್' ಕೊಟ್ಟು ಹಳೆಯದನ್ನು ಬಿಡಿಸಿ, ಹೊಸದು ಅಂಟಿದ ಮೇಲೆ ಮತ್ತೆ ಸೇವ್ ಮಾಡಬೇಕು. ಈ ಕೊನೆಯ ಸೇವ್ ಮರೆತರೆ ಮುಂದಿನ ರೀಬೂಟಿನಲ್ಲಿ ಸತ್ತ ಪ್ರಿಂಟರಿನ ಭೂತ ಎದ್ದು ಬರುತ್ತದೆ.

ತನಿಖೆಗೆ ಈ ಸ್ವಿಚ್ಚು ಕೊಡುವ ಮಾಹಿತಿ ಮೆಚ್ಚುವಂಥದ್ದು. 'ಶೋ ಪೋರ್ಟ್-ಸೆಕ್ಯುರಿಟಿ ಇಂಟರ್‌ಫೇಸ್ ಗಿಗಾಬಿಟ್‌ಈಥರ್ನೆಟ್ 1/0/5' ಎಂದು ಹೊಡೆದರೆ ಹನ್ನೆರಡು ಸಾಲು ಬರುತ್ತದೆ. ಪೋರ್ಟ್ ಸ್ಟೇಟಸ್ ಎದುರು ಸೆಕ್ಯೂರ್-ಅಪ್ ಎಂದಿದ್ದರೆ ಕ್ಷೇಮ, ಸೆಕ್ಯೂರ್-ಡೌನ್ ಎಂದರೆ ಸಾಮಾನ್ಯವಾಗಿ ಲಿಂಕೇ ಇಲ್ಲ, ಸೆಕ್ಯೂರ್-ಶಟ್‌ಡೌನ್ ಎಂದರೆ ಉಲ್ಲಂಘನೆಯಿಂದ ಮುಚ್ಚಿದೆ. ಕೆಳಗಿನ ಎರಡು ಸಾಲು ಮುಖ್ಯ: ಲಾಸ್ಟ್ ಸೋರ್ಸ್ ಅಡ್ರೆಸ್ ಎದುರಿಗೆ ಕೊನೆಯದಾಗಿ ಬಂದ ವಿಳಾಸ, ಕೋಲನ್ ಆದ ಮೇಲೆ ವಿಲ್ಯಾನ್ ಸಂಖ್ಯೆ, ಅದರ ಕೆಳಗೆ ಉಲ್ಲಂಘನೆಯ ಎಣಿಕೆ. ವಿಳಾಸ 0800.27 ಎಂದು ಶುರುವಾದರೆ ಪಿಸಿಯೊಳಗೆ ವರ್ಚುವಲ್‌ಬಾಕ್ಸ್ ಬ್ರಿಡ್ಜ್ ಮೋಡಿನಲ್ಲಿ ಓಡುತ್ತಿದೆ, 0050.56 ಎಂದಾದರೆ ವಿಎಂವೇರ್. ಮೇಜಿಗೆ ಹೋಗುವ ಮುಂಚೆಯೇ ಉತ್ತರ ಸಿಕ್ಕಂತಾಯಿತು. ಆದರೆ ಒಂದು ಕಿರಿಕಿರಿ ಇದೆ. ಸೆಕ್ಯೂರ್ ಪೋರ್ಟಿನಲ್ಲಿ ಕಲಿತ ವಿಳಾಸಗಳು ಮ್ಯಾಕ್ ಟೇಬಲ್ಲಿನಲ್ಲಿ ಸ್ಟ್ಯಾಟಿಕ್ ಎಂದು ಕಾಣುತ್ತವೆ. 'ಶೋ ಮ್ಯಾಕ್ ಅಡ್ರೆಸ್-ಟೇಬಲ್ ಡೈನಮಿಕ್' ಹೊಡೆದು ಯಂತ್ರ ಹುಡುಕುವ ಅಭ್ಯಾಸವಿದ್ದವರಿಗೆ ಆ ಯಂತ್ರ ಮಾಯವಾದಂತೆ ತೋರುತ್ತದೆ. ಡೈನಮಿಕ್ ಎಂಬ ಪದ ಬಿಟ್ಟು ಹುಡುಕಿ.

ಯುಎಸ್‌ಬಿ-ಸಿ ಡಾಕ್ ಬಂದ ಮೇಲೆ ಈ ಇಡೀ ವಿದ್ಯೆಯ ಬುಡ ಸ್ವಲ್ಪ ಅಲುಗಾಡಿದೆ ಎಂಬುದನ್ನೂ ಹೇಳಬೇಕು. ಲ್ಯಾಪ್‌ಟಾಪು ಇಂಥ ಡಾಕ್ ಅಥವಾ ನೆಟ್ ಕೇಬಲ್ ಸಿಕ್ಕಿಸುವ ಡಾಂಗಲ್ ಮೂಲಕ ಬಂದರೆ ಸ್ವಿಚ್ಚಿಗೆ ಕಾಣುವುದು ಸಾಮಾನ್ಯವಾಗಿ ಡಾಂಗಲ್ಲಿನ ವಿಳಾಸ. ಮೀಟಿಂಗ್ ರೂಮಿನಲ್ಲಿ ಒಂದೇ ಡಾಂಗಲ್ ಇಟ್ಟಿದ್ದರೆ ಹತ್ತು ಜನ ಬಂದು ಹೋದರೂ ಸ್ವಿಚ್ಚಿನ ಲೆಕ್ಕದಲ್ಲಿ ಒಬ್ಬರೇ. ಅದೇ ಒಬ್ಬರು ಎರಡು ಡಾಂಗಲ್ ಬದಲಿಸಿದರೆ ಇಬ್ಬರು. ಲ್ಯಾಪ್‌ಟಾಪಿನ ಬಯಾಸಿನಲ್ಲಿ ಮ್ಯಾಕ್ ಪಾಸ್-ಥ್ರೂ (ಡಾಂಗಲ್ಲಿನ ಬದಲು ಲ್ಯಾಪ್‌ಟಾಪಿನ ವಿಳಾಸ ತೋರಿಸುವುದು) ಇದ್ದರೆ ಆನ್ ಮಾಡಿಸಿದರೆ ಸ್ವಲ್ಪ ಗೊಂದಲ ತಗ್ಗುತ್ತದೆ. ವೈ-ಫೈ ಆಕ್ಸೆಸ್ ಪಾಯಿಂಟ್ ಇರುವ ಪೋರ್ಟಿಗೆ ಪೋರ್ಟ್ ಸೆಕ್ಯುರಿಟಿ ಹಾಕುವ ಮುಂಚೆ ಅದು ಟ್ರಾಫಿಕ್ಕನ್ನು ಕಂಟ್ರೋಲರಿಗೆ ಟನೆಲ್ ಮಾಡುತ್ತದೋ ನೇರ ಸ್ವಿಚ್ಚಿಗೆ ಬಿಡುತ್ತದೋ ನೋಡಿಕೊಳ್ಳಿ. ನೇರ ಬಿಡುವುದಾದರೆ ಅದಕ್ಕೆ ಅಂಟಿದ ಎಲ್ಲ ಮೊಬೈಲುಗಳ ವಿಳಾಸವೂ ಈ ಪೋರ್ಟಿನಲ್ಲೇ ಕಾಣುತ್ತದೆ, ಅವೋ ರ್‍ಯಾಂಡಮ್ ವಿಳಾಸ ಹೊತ್ತು ಬರುವಂಥವು. ಅಲ್ಲಿ ಹಾಕಲೇಬೇಡಿ.

ಇದರಿಂದ ಆಗದ ಕೆಲಸಗಳೂ ಇವೆ. ಮ್ಯಾಕ್ ವಿಳಾಸ ಬದಲಿಸುವುದು ಯಾವ ಲ್ಯಾಪ್‌ಟಾಪಿನಲ್ಲೂ ಎರಡು ನಿಮಿಷದ ಕೆಲಸ. ಪ್ರಿಂಟರಿನ ಬೆನ್ನಿಗೆ ಅಂಟಿಸಿದ ಚೀಟಿ ಓದಿ ಅದೇ ವಿಳಾಸ ಹಾಕಿಕೊಂಡು ಬಂದವರನ್ನು ಇದು ಪ್ರಿಂಟರ್ ಎಂದೇ ನಂಬುತ್ತದೆ. ಮನೆಯಿಂದ ತಂದ ರೌಟರಿನ ವ್ಯಾನ್ ಪೋರ್ಟಿಗೆ ಕೇಬಲ್ ಕೊಟ್ಟರೆ ಹಿಂದೆ ಇಪ್ಪತ್ತು ಮೊಬೈಲ್ ಇದ್ದರೂ ಕಾಣುವುದು ಒಂದೇ ವಿಳಾಸ. ಲ್ಯಾನ್ ಪೋರ್ಟಿಗೆ ಕೊಟ್ಟು, ಆ ರೌಟರು ಊರಿಗೆಲ್ಲ ತಪ್ಪು ಐಪಿ ಹಂಚಲು ಶುರುಮಾಡಿದರೆ ತಡೆಯುವುದು ಡಿಎಚ್‌ಸಿಪಿ ಸ್ನೂಪಿಂಗ್ (ಐಪಿ ಹಂಚುವ ಮಾತುಕತೆಯ ಮೇಲೆ ಕಣ್ಣಿಡುವ ಸೌಲಭ್ಯ), ಇದಲ್ಲ. ಐಪಿ ಪೂಲ್ ಬರಿದು ಮಾಡುವ ದಾಳಿಯಲ್ಲೂ ಅರ್ಧ ಮಾತ್ರ ರಕ್ಷಣೆ: ಪ್ರತಿ ಕೋರಿಕೆಗೂ ಫ್ರೇಮಿನ ಮೂಲ ವಿಳಾಸ ಬದಲಿಸಿದರೆ ಹಿಡಿಯುತ್ತದೆ, ಫ್ರೇಮಿನ ವಿಳಾಸ ಹಾಗೇ ಇಟ್ಟು ಡಿಎಚ್‌ಸಿಪಿ ಕೋರಿಕೆಯ ಒಳಗಿನ ಕ್ಲೈಂಟ್ ವಿಳಾಸವನ್ನಷ್ಟೇ ಬದಲಿಸಿದರೆ ಇದರ ಕಣ್ಣಿಗೆ ಬೀಳುವುದಿಲ್ಲ. ಎರಡನ್ನೂ ಹೋಲಿಸಿ ನೋಡುವುದು ಸ್ನೂಪಿಂಗಿನ ಕೆಲಸ. ಆದ್ದರಿಂದ ಎರಡನ್ನೂ ಜೊತೆಯಾಗಿ ಹಾಕಿ. ಯಾರು ಬಂದರು ಎಂದು ನಿಜವಾಗಿ ಕೇಳಬೇಕಿದ್ದರೆ 802.1ಎಕ್ಸ್ (ಗುರುತು ಕೇಳಿ ಒಳಬಿಡುವ ಪದ್ಧತಿ) ಬೇಕು, ಅದಕ್ಕೆ ಗುರುತು ಪರೀಕ್ಷಿಸುವ ಒಂದು ರೇಡಿಯಸ್ ಸರ್ವರ್ ಬೇಕು. ಈ ಸ್ವಿಚ್ಚಿನಲ್ಲಿ ಅದೂ ಇದೆ. ಆದರೆ ಒಂದೇ ಪೋರ್ಟಿನಲ್ಲಿ 802.1ಎಕ್ಸ್ ಮತ್ತು ಪೋರ್ಟ್ ಸೆಕ್ಯುರಿಟಿ ಎರಡನ್ನೂ ಹೇರಬೇಡಿ, ಒಂದರ ಕಾಲಿಗೆ ಇನ್ನೊಂದು ತೊಡರುತ್ತದೆ.

ಕ್ಯಾಟಲಿಸ್ಟಿನಲ್ಲಿ ನಿಜಕ್ಕೂ ಕೊರತೆ ಎನಿಸುವುದು ಒಂದೇ: ತಡೆಯದೆ ಬರೀ ವರದಿ ಮಾಡುವ ಮೋಡ್ ಇಲ್ಲ. ಅದೇ ಸಿಸ್ಕೋದ, ವೆಬ್ ಪುಟದಿಂದ ನಡೆಸುವ ಸಿಬಿಎಸ್350 ಸರಣಿಯಲ್ಲಿ ಡಿಸ್ಕಾರ್ಡ್, ಶಟ್‌ಡೌನ್ ಜೊತೆಗೆ ಫಾರ್ವರ್ಡ್ ಎಂಬ ಆಯ್ಕೆ ಇದೆ. ಹೊಸ ವಿಳಾಸದ ಫ್ರೇಮನ್ನು ಒಳಗೆ ಬಿಡುತ್ತದೆ, ಟ್ರ್ಯಾಪ್ (ಎಚ್ಚರಿಕೆ ಸಂದೇಶ) ಆನ್ ಮಾಡಿದ್ದರೆ ಸುದ್ದಿಯನ್ನೂ ಕಳಿಸುತ್ತದೆ. ಒಂದು ವಾರ ಹಾಗೆ ಬಿಟ್ಟು ನೋಡಿ ನಂತರ ಬಿಗಿ ಮಾಡಬಹುದು. ಹೊಸದಾಗಿ ಶುರು ಮಾಡುವವರಿಗೆ ಇದು ಎಷ್ಟು ನಿರಾಳ! ಕ್ಯಾಟಲಿಸ್ಟಿನಲ್ಲಿ ಆ ಕೆಲಸವನ್ನು ಕೈಯಿಂದ ಮಾಡಬೇಕು: ಒಂದು ವಾರ ದಿನಕ್ಕೆರಡು ಸಲ 'ಶೋ ಮ್ಯಾಕ್ ಅಡ್ರೆಸ್-ಟೇಬಲ್' ತೆಗೆದು ಪೋರ್ಟಿಗೆ ಎಷ್ಟು ವಿಳಾಸ ಎಂದು ಎಣಿಸಿಟ್ಟುಕೊಳ್ಳಿ. ಮೂರಕ್ಕಿಂತ ಹೆಚ್ಚು ಕಂಡ ಪೋರ್ಟುಗಳ ಮೇಜಿಗೆ ಹೋಗಿ ನೋಡಿ. ಹೆಚ್ಚಾಗಿ ಅಲ್ಲೊಂದು ಚಿಕ್ಕ ಸ್ವಿಚ್ಚು ಸಿಗುತ್ತದೆ. ಅದನ್ನು ತೆಗೆಸಿ, ಇಲ್ಲವೇ ಆ ಪೋರ್ಟಿಗೆ ಮಾತ್ರ ಮಿತಿ ಏರಿಸಿ, ಆಮೇಲೆ ಶುರು ಮಾಡಿ. ಆಗಲೇ ಕಲಿತಿರುವ ವಿಳಾಸಗಳಿಗಿಂತ ಕಡಿಮೆ ಸಂಖ್ಯೆಗೆ ಮಿತಿ ಇಳಿಸಲು ಹೋದರೆ ಐಒಎಸ್ ಒಪ್ಪುವುದಿಲ್ಲ, ಮೊದಲು ಅವನ್ನು ಅಳಿಸಬೇಕಾಗುತ್ತದೆ.

ಕೊಳ್ಳುವವರಿಗೆ: ಯಾವ ಮಾದರಿಯೇ ಆಗಲಿ, ಆರ್ಡರ್ ಮಾಡುವ ಮುಂಚೆ ಸಿಸ್ಕೋ ತಾಣದಲ್ಲಿ ಅದರ ಮಾರಾಟ ಮತ್ತು ಬೆಂಬಲ ಮುಗಿಯುವ ದಿನಾಂಕ ನೋಡಿಕೊಳ್ಳಿ. ಕಡಿಮೆ ಖರ್ಚಿಗೆ ಬೆಂಗಳೂರಿನ ಎಸ್‌ಪಿ ರೋಡಿನಂಥ ಕಡೆ ಹಳೆಯ 2960-ಎಕ್ಸ್ ತಂದರೂ ಮೇಲಿನ ಸಾಲುಗಳು ಅಕ್ಷರಶಃ ಹಾಗೆಯೇ ನಡೆಯುತ್ತವೆ. ಆದರೆ ಹಳೆಯ ಮಾಲೀಕರ ಸ್ಟಿಕಿ ವಿಳಾಸ, ವಿಲ್ಯಾನ್ ಎಲ್ಲ ಒಳಗೇ ಇರಬಹುದು. ಮೊದಲು 'ರೈಟ್ ಇರೇಸ್', ನಂತರ ಫ್ಲ್ಯಾಶಿನಲ್ಲಿರುವ 'ವಿಲ್ಯಾನ್.ಡ್ಯಾಟ್' ಕಡತವನ್ನು ಡಿಲೀಟ್ ಮಾಡಿ 'ರೀಲೋಡ್' ಕೊಡಿ. ಹೋಗುವ ಮುಂಚೆ ಕಾನ್ಫಿಗ್ ಬದಲಾಗಿದೆ, ಸೇವ್ ಮಾಡಲೇ ಎಂದು ಕೇಳಿದರೆ ಬೇಡ ಎನ್ನಿ. ಅಭ್ಯಾಸಬಲದಿಂದ ಹೌದು ಎಂದರೆ ಅಳಿಸಿದ ಕಾನ್ಫಿಗ್ ವಾಪಸ್ ಬರುತ್ತದೆ.